ಕೆರೆನಾಡಿನಲ್ಲಿ ರೈಲು ಹಳಿ: ಕಬ್ಬಿಣಕ್ಕಿಂತ ಮೊದಲು ನೀರಿನ ಲೆಕ್ಕ

ಬಂಗಾರಪೇಟೆಯಿಂದ ಹೊರಟು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾದು ಚಿಕ್ಕಬಳ್ಳಾಪುರ ಮುಟ್ಟಿ, ಅಲ್ಲಿಂದ ಯಲಹಂಕದತ್ತ ಸಾಗುವ ರೈಲು ಮಾರ್ಗವು ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ದಶಕದಲ್ಲಿ, ನ್ಯಾರೋಗೇಜ್ ಮಾರ್ಗವಾಗಿ ಹುಟ್ಟಿದ್ದು. ಎರಡು ಹಳಿಗಳ ನಡುವಿನ ಅಂತರ ಆಗ 762 ಮಿಲಿಮೀಟರ್ ಮಾತ್ರ ಇತ್ತು. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವಿನ ಭಾಗವು ಬ್ರಾಡ್‌ಗೇಜ್ ಆಗಿ, ಅಂದರೆ 1,676 ಮಿಲಿಮೀಟರ್ ಅಂತರದ ಹಳಿಯಾಗಿ, ಸಂಚಾರಕ್ಕೆ ತೆರೆದದ್ದು 2013ರಲ್ಲಿ. ಗೇಜ್ ಪರಿವರ್ತನೆ ಎಂಬ ಮಾತನ್ನು ಕೇಳಿದವರಿಗೆ ಎರಡು ಹಳಿಗಳನ್ನು ಕಿತ್ತು ಇನ್ನಷ್ಟು ದೂರದಲ್ಲಿ ಹಾಸಿದರೆ ಕೆಲಸ ಮುಗಿಯಿತು ಎಂದು ತೋರುವುದು ಸಹಜ. ವಾಸ್ತವದಲ್ಲಿ ಹಳೆಯ ಮಾರ್ಗದ ತಿರುವು, ಏರು, ಮಣ್ಣಿನ ಏರಿ, ಮೋರಿ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಕಟ್ಟಬೇಕಾಗುತ್ತದೆ. ನಮ್ಮ ರೈಲ್ವೆಯ ನಿಯಮದ ಪ್ರಕಾರ ನ್ಯಾರೋಗೇಜ್ ಹಳಿಯು 44 ಮೀಟರ್ ತ್ರಿಜ್ಯದ ತಿರುವಿನಲ್ಲೂ ಹೊರಳಬಲ್ಲದು. ಬ್ರಾಡ್‌ಗೇಜ್‌ಗೆ ಆ ಮಿತಿ 175 ಮೀಟರ್, ಮತ್ತು ವೇಗದ ಗಾಡಿ ಓಡಬೇಕಾದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ನೇರವಾದ ದಾರಿ ಬೇಕು. ಗುಡ್ಡವನ್ನು ಬಳಸಿ, ಕೆರೆಯ ಅಂಚನ್ನು ಸವರಿ ಸಾಗುತ್ತಿದ್ದ ಪುಟ್ಟ ಗಾಡಿಯ ದಾರಿ ಹೊಸ ಗಾಡಿಗೆ ಒಗ್ಗುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ನೆಲವನ್ನು ನಕ್ಷೆಯಲ್ಲಿ ನೋಡಿದರೆ ರೈಲು ಹಾಕುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಇಲ್ಲವೆನಿಸುತ್ತದೆ. ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿಲ್ಲ, ಸುರಂಗ ಕೊರೆಯುವ ಅಗತ್ಯ ಕಡಿಮೆ, ಕೃಷ್ಣೆ ಕಾವೇರಿಯಂಥ ಅಗಲದ ಹೊಳೆಯನ್ನು ದಾಟಬೇಕಾಗಿಲ್ಲ, ಮಳೆಯೂ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನ ಆಸುಪಾಸು. ಆದರೆ ಈ ಸೀಮೆ ನದಿಗಳ ಹುಟ್ಟುನೆಲ. ನಂದಿಬೆಟ್ಟದ ಸುತ್ತಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿಗಳು ದಿಕ್ಕಿಗೊಂದರಂತೆ ಹೊರಡುತ್ತವೆ. ತುಮಕೂರಿನ ಬಳಿಯ ದೇವರಾಯನದುರ್ಗದಲ್ಲಿ ಜಯಮಂಗಲಿ ಹುಟ್ಟುತ್ತದೆ. ಹುಟ್ಟುನೆಲದಲ್ಲಿ ಹೊಳೆ ದೊಡ್ಡದಿರುವುದಿಲ್ಲ, ಆದರೆ ಹಳ್ಳಗಳು ಲೆಕ್ಕವಿಲ್ಲದಷ್ಟಿರುತ್ತವೆ. ಆ ಹಳ್ಳಗಳನ್ನು ಹಿಂದಿನವರು ಒಂದರ ಕೆಳಗೊಂದರಂತೆ ಏರಿ ಕಟ್ಟಿ ನಿಲ್ಲಿಸಿದ್ದಾರೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಹೀಗೆ ಹೆಣೆದ ನೆಲದ ಮೇಲೆ ಅಡ್ಡಲಾಗಿ ಕಿಲೋಮೀಟರುಗಟ್ಟಲೆ ಉದ್ದದ ಮಣ್ಣಿನ ಏರಿಯೊಂದನ್ನು ಹಾಕುವುದೇ ಇಲ್ಲಿನ ರೈಲು ಕಾಮಗಾರಿ. ಹಳಿ, ಅದರ ಕೆಳಗೆ ಅಡ್ಡಲಾಗಿ ಹಾಕುವ ಸ್ಲೀಪರ್, ಸಿಗ್ನಲ್‌ಗಳ ಮಾತು ಅನಂತರದ್ದು.

ಮೊದಲಿಗೆ ದಾರಿಯ ಆಯ್ಕೆ. ರಸ್ತೆಯ ವಾಹನಕ್ಕೆ ದೊಡ್ಡದೆನಿಸದ ಏರು ರೈಲಿಗೆ ಬೆಟ್ಟವಾಗುತ್ತದೆ. ಸಮತಟ್ಟಾದ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ತಡೆ ಬಹಳ ಕಡಿಮೆ. ರೈಲಿನ ಮಿತವ್ಯಯದ ಗುಟ್ಟು ಇದೇ. ಆದರೆ ನೂರು ಮೀಟರಿಗೆ ಒಂದು ಮೀಟರ್ ಏರಿದರೆ ಸಾಕು, 3,000 ಟನ್ ತೂಕದ ಗೂಡ್ಸ್ ಗಾಡಿಯನ್ನು ಎಳೆಯಲು ಎಂಜಿನ್ ಹೆಚ್ಚುವರಿಯಾಗಿ 30 ಟನ್ನಿನಷ್ಟು ಬಲ ಹಾಕಬೇಕಾಗುತ್ತದೆ. ಆದ್ದರಿಂದ ಸರ್ವೆಯ ಹಂತದಲ್ಲೇ ಇಡೀ ಮಾರ್ಗಕ್ಕೆ ಒಂದು ಗರಿಷ್ಠ ಏರನ್ನು ನಿಗದಿ ಮಾಡಿಕೊಳ್ಳುತ್ತಾರೆ. ಉಬ್ಬಿದ ನೆಲವನ್ನು ಕಡಿದು, ತಗ್ಗಿದ ನೆಲಕ್ಕೆ ಮಣ್ಣು ತುಂಬಿ ಆ ಮಿತಿಯೊಳಗೆ ದಾರಿಯನ್ನು ತರಬೇಕು. ಕಡಿದ ಮಣ್ಣು ತುಂಬುವ ಜಾಗಕ್ಕೆ ಸರಿಹೋಗುವಂತಿದ್ದರೆ ಖರ್ಚು ಉಳಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಉಬ್ಬು ಎಂದರೆ ಬಹುಪಾಲು ಬಂಡೆ, ತಗ್ಗು ಎಂದರೆ ಬಹುಪಾಲು ಕೆರೆಯ ಅಚ್ಚುಕಟ್ಟು. ಬಂಡೆ ಸಿಡಿಸುವುದು ದುಬಾರಿ, ಅಚ್ಚುಕಟ್ಟಿನ ಗದ್ದೆ ತೋಟಗಳನ್ನು ಬಿಡಿಸಿಕೊಳ್ಳುವುದು ಇನ್ನೂ ದುಬಾರಿ. ಇವೆರಡನ್ನೂ ತಪ್ಪಿಸಲು ದಾರಿಯನ್ನು ಸುತ್ತಿಸಿದರೆ ಕಿಲೋಮೀಟರು ಹೆಚ್ಚುತ್ತದೆ, ತಿರುವೂ ಹೆಚ್ಚುತ್ತದೆ.

ಭೂಮಿಯ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ರಾಯದುರ್ಗಕ್ಕೆ ಹೋಗುವ ಸುಮಾರು 207 ಕಿಲೋಮೀಟರಿನ ಮಾರ್ಗ 2007–08ರ ಸಾಲಿನಲ್ಲಿ ಮಂಜೂರಾಯಿತು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆ ಸೇರುವ ಮಾರ್ಗ 2011–12ರಲ್ಲಿ. ಇಂಥ ಯೋಜನೆಗಳಲ್ಲಿ ಕರ್ನಾಟಕ ಸರ್ಕಾರ ಕಾಮಗಾರಿಯ ಅರ್ಧ ವೆಚ್ಚ ಭರಿಸಿ, ಭೂಮಿಯನ್ನು ಉಚಿತವಾಗಿ ಒದಗಿಸುವ ಒಪ್ಪಂದವಿದೆ. ಮಂಜೂರಾತಿಗೂ ಗಾಡಿಯ ಓಡಾಟಕ್ಕೂ ನಡುವೆ ಹತ್ತು ಹದಿನೈದು ವರ್ಷ ಕಳೆಯುವುದನ್ನು ಕಂಡು ಜನ ಬೇಸರಪಡುವುದು ನ್ಯಾಯವೇ. ಆದರೆ ರಸ್ತೆಗೂ ರೈಲಿಗೂ ಇಲ್ಲೊಂದು ಮೂಲಭೂತ ವ್ಯತ್ಯಾಸವಿದೆ. ಹತ್ತು ಕಿಲೋಮೀಟರ್ ರಸ್ತೆ ಮುಗಿದರೆ ಅಷ್ಟರ ಮೇಲೆ ಬಸ್ಸು ಓಡಿಸಬಹುದು; ಎರಡು ಸರ್ವೆ ನಂಬರುಗಳ ವ್ಯಾಜ್ಯ ಬಾಕಿ ಉಳಿದರೂ ಅದರಾಚೆಗಿನ ಹಳಿಗೆ ಎಂಜಿನ್ ಹೋಗಲಾರದು. ನೂರು ಎಕರೆ ಸಿಕ್ಕಿ ಒಂದು ಎಕರೆ ಸಿಗದ ಸ್ಥಿತಿಯಲ್ಲಿ ಆ ನೂರು ಎಕರೆಯ ಮೇಲೆ ಹಾಕಿದ ಮಣ್ಣು ಮಳೆಗೆ ಕೊರೆದುಹೋಗುತ್ತಾ ಕಾಯುತ್ತದೆ.

ಆ ಮಣ್ಣಿನ ಕೆಲಸವೇ ಮಾರ್ಗದ ಆಯುಷ್ಯವನ್ನು ನಿರ್ಧರಿಸುವಂಥದ್ದು. ಲಾರಿಗಳಲ್ಲಿ ತಂದು ಸುರಿದ ಮಣ್ಣನ್ನು ಹಾಗೆಯೇ ರಾಶಿ ಹಾಕುವಂತಿಲ್ಲ. ಸುಮಾರು 30 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಹದವಾಗಿ ನೀರು ಚಿಮುಕಿಸಿ, ಕಂಪಿಸುವ ರೋಲರ್ ಉರುಳಿಸಿ, ಆ ಪದರ ಬೇಕಾದಷ್ಟು ಗಟ್ಟಿಯಾಗಿದೆಯೇ ಎಂದು ಸ್ಥಳದಲ್ಲೇ ಪರೀಕ್ಷಿಸಿದ ಮೇಲೆ ಮುಂದಿನ ಪದರ. ನೀರು ಹೆಚ್ಚಾದರೆ ಮಣ್ಣು ಕೆಸರಾಗಿ ರೋಲರಿನ ಕೆಳಗೆ ಜಾರುತ್ತದೆ, ಕಡಿಮೆಯಾದರೆ ಕಣಗಳ ನಡುವೆ ಗಾಳಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಆ ಮಣ್ಣು ಗರಿಷ್ಠ ಎಷ್ಟು ಸಾಂದ್ರವಾಗಬಲ್ಲದು ಎಂದು ಮೊದಲೇ ಕಂಡುಕೊಂಡು, ಸ್ಥಳದಲ್ಲಿ ಅದರ ಶೇಕಡ 98ರಷ್ಟನ್ನಾದರೂ ಸಾಧಿಸಬೇಕೆಂಬ ನಿಯಮವಿದೆ. ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಗರಸು ಮಣ್ಣು ಇದಕ್ಕೆ ಒಳ್ಳೆಯದು. ನೀರು ಬೇಗ ಬಸಿಯುತ್ತದೆ, ಒಣಗಿದಾಗ ಬಿರಿಯುವುದಿಲ್ಲ. ಪಾವಗಡ, ಶಿರಾ ಕಡೆ ಕೆಲವೆಡೆ ಸಿಗುವ ಎರೆಮಣ್ಣಿನ ಗುಣ ಬೇರೆ. ಮಳೆಯಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ಮಣ್ಣನ್ನು ಏರಿಯ ಮೇಲುಭಾಗದಿಂದ ದೂರವಿಟ್ಟು, ಅದರ ಮೇಲೆ ಮರಳು, ಗರಸು, ಸಣ್ಣ ಜಲ್ಲಿಗಳ ಬೆರಕೆಯ ಹೊದಿಕೆಯ ಪದರವನ್ನು ಕೆಲವೊಮ್ಮೆ ಒಂದು ಮೀಟರಿನವರೆಗೂ ಹಾಕುತ್ತಾರೆ. ಗಾಡಿಯ ಭಾರವನ್ನು ಹಂಚುವುದು ಮತ್ತು ಕೆಳಗಿನ ಜೇಡಿ ಮೇಲೆದ್ದು ಜಲ್ಲಿಯೊಳಗೆ ಸೇರದಂತೆ ತಡೆಯುವುದು ಆ ಪದರದ ಕೆಲಸ.

ಹೊರನೋಟಕ್ಕೆ ರೈಲಿನ ಏರಿ ಕೆರೆಯ ಏರಿಯಂತೆಯೇ ಕಾಣುತ್ತದೆ: ಅದೇ ಮಣ್ಣು, ಅಂಥದೇ ಎತ್ತರ, ಎರಡು ಬದಿಗೂ ಇಳಿಜಾರು. ಉದ್ದೇಶ ಮಾತ್ರ ತದ್ವಿರುದ್ಧ. ಕೆರೆಯ ಏರಿ ನೀರನ್ನು ತಡೆದು ನಿಲ್ಲಿಸಲೆಂದೇ ಹುಟ್ಟಿದ್ದು. ಒಳಬದಿಗೆ ಕಲ್ಲಿನ ಹಾಸು, ನಡುವೆ ಜೇಡಿಯ ಗರ್ಭ, ಹೊರಬಿಡಲು ತೂಬು, ಹೆಚ್ಚಾದದ್ದಕ್ಕೆ ಕೋಡಿ ಎಲ್ಲವೂ ಅದಕ್ಕಿವೆ. ರೈಲಿನ ಏರಿಗೆ ಇವು ಯಾವುವೂ ಇಲ್ಲ. ಅದರ ಒಂದು ಪಕ್ಕದಲ್ಲಿ ನೀರು ನಿಂತರೆ ನಿಧಾನವಾಗಿ ಒಳಕ್ಕೆ ಇಳಿದು, ಕಣಗಳ ನಡುವಿನ ಹಿಡಿತವನ್ನು ಸಡಿಲಿಸಿ, ಮೇಲೆ ಗಾಡಿ ಬಂದಾಗ ಪಕ್ಕ ಜರುಗುವಂತೆ ಮಾಡುತ್ತದೆ. ಏರಿಯ ಮೇಲೆ ಹರಿದರಂತೂ ಕೆಲವೇ ತಾಸುಗಳಲ್ಲಿ ಮಣ್ಣು ಕೊಚ್ಚಿಹೋಗಿ ಹಳಿ ಮತ್ತು ಸ್ಲೀಪರುಗಳು ಗಾಳಿಯಲ್ಲಿ ತೂಗಾಡುತ್ತವೆ. ಆದ್ದರಿಂದ ಏರಿಯನ್ನು ಎಷ್ಟು ಗಟ್ಟಿಯಾಗಿ ಕಟ್ಟಲಾಗಿದೆ ಎಂಬುದಕ್ಕಿಂತ ಅದರ ಕೆಳಗಿನಿಂದ ನೀರಿಗೆ ಎಷ್ಟು ಕಡೆ, ಎಷ್ಟು ಅಗಲದ ದಾರಿ ಬಿಡಲಾಗಿದೆ ಎಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಪ್ರಶ್ನೆ.

ಮೋರಿಯ ಅಗಲವನ್ನು ಅಂದಾಜಿನ ಮೇಲೆ ನಿರ್ಧರಿಸುವುದಿಲ್ಲ. ಆ ಹಳ್ಳಕ್ಕೆ ಎಷ್ಟು ಚದರ ಕಿಲೋಮೀಟರಿನ ಮಳೆನೀರು ಬರುತ್ತದೆ, ನೆಲದ ಇಳಿಜಾರು ಎಷ್ಟು, ಮಣ್ಣು ಎಷ್ಟು ಹೀರುತ್ತದೆ ಎಂಬುದನ್ನು ಲೆಕ್ಕ ಹಾಕಿ, ಸಾಮಾನ್ಯವಾಗಿ 50 ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ದಾಟಿಸುವಂತೆ ವಿನ್ಯಾಸ ಮಾಡುತ್ತಾರೆ. ಈ ಮಾತನ್ನು ಹಲವರು ತಪ್ಪಾಗಿ ಗ್ರಹಿಸುತ್ತಾರೆ. 50 ವರ್ಷದ ನೆರೆ ಎಂದರೆ ಒಮ್ಮೆ ಬಂದು ಹೋದರೆ ಇನ್ನು 50 ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇಕಡ 2ರಷ್ಟಿದೆ ಎಂದು ಅರ್ಥ. 30 ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ಶೇಕಡ 45ರ ಸಮೀಪಕ್ಕೆ ಹೋಗುತ್ತದೆ. ಒಂದು ಮಾರ್ಗದಲ್ಲಿ ಇಂಥ ನೂರಾರು ಮೋರಿಗಳಿದ್ದರೆ, ಯಾವುದಾದರೂ ಒಂದು ಕಡೆ ಲೆಕ್ಕ ಮೀರಿದ ನೀರು ಬರುವುದು ಅಪರೂಪದ ಘಟನೆಯಾಗಿ ಉಳಿಯುವುದಿಲ್ಲ.

ಕೆರೆಗಳ ನಾಡಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ಮಳೆಯ ನೀರು ಹಳ್ಳಕ್ಕೆ ನೇರವಾಗಿ ಬಾರದೆ ಮೇಲಿನ ಕೆರೆಗಳಲ್ಲಿ ತಂಗಿ ಬರುವುದರಿಂದ, ಕೆರೆಗಳು ಸುಸ್ಥಿತಿಯಲ್ಲಿ ಇರುವವರೆಗೆ ನೆರೆಯ ಅಬ್ಬರ ತಗ್ಗುತ್ತದೆ. ಆದರೆ ಮೇಲಿನ ಕೆರೆಯೊಂದರ ಏರಿ ಒಡೆದರೆ, ಅದರ ನೀರೆಲ್ಲವೂ ಕೆಳಗಿನ ಕೆರೆಗೆ ಒಮ್ಮೆಗೇ ನುಗ್ಗಿ ಅದನ್ನೂ ಒಡೆದು, ಸರಣಿಯ ತುದಿಯಲ್ಲಿರುವ ರೈಲು ಮೋರಿಗೆ ಯಾವ ಮಳೆಯ ಲೆಕ್ಕಕ್ಕೂ ಸಿಗದ ಪ್ರಮಾಣದಲ್ಲಿ ಅಪ್ಪಳಿಸುತ್ತದೆ. 2005ರ ಅಕ್ಟೋಬರ್ 29ರಂದು ಆಗಿನ ಆಂಧ್ರದ (ಈಗಿನ ತೆಲಂಗಾಣದ) ನಲ್ಗೊಂಡ ಜಿಲ್ಲೆಯ ವಲಿಗೊಂಡದ ಬಳಿ ನಡೆದದ್ದು ಇಂಥದೇ ದುರಂತ. ಭಾರೀ ಮಳೆಗೆ ಮೇಲುಭಾಗದ ಕೆರೆ ಒಡೆದು ನುಗ್ಗಿದ ನೀರು ಸಣ್ಣ ಸೇತುವೆಯೊಂದನ್ನು ಕೊಚ್ಚಿಕೊಂಡು ಹೋಗಿತ್ತು. ಅದನ್ನರಿಯದೆ ಬಂದ ಪ್ಯಾಸೆಂಜರ್ ಗಾಡಿಯ ಬೋಗಿಗಳು ನೀರಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ದೊಡ್ಡ ನದಿಯಲ್ಲ. ಹೆಸರಿನ ನದಿಯ ಮೇಲಿನ ಸೇತುವೆಗೆ ಕಾವಲು, ನೀರಿನ ಮಟ್ಟದ ಅಳತೆ ಎಲ್ಲವೂ ಇರುತ್ತವೆ. ವರ್ಷದಲ್ಲಿ ಹನ್ನೊಂದು ತಿಂಗಳು ಒಣಗಿರುವ ಹಳ್ಳದ ಮೋರಿಯ ಮೇಲೆ ಯಾರಿಗೂ ಕಣ್ಣಿರುವುದಿಲ್ಲ.

ಇದಕ್ಕಾಗಿಯೇ ರೈಲ್ವೆಯ ನಿಯಮಾವಳಿಯಲ್ಲಿ ಒಂದು ವ್ಯವಸ್ಥೆ ಇದೆ, ಅದರ ಬಗ್ಗೆ ಹೊರಗಿನವರಿಗೆ ಹೆಚ್ಚು ತಿಳಿದಿಲ್ಲ. ಒಡೆದರೆ ಹಳಿಗೆ ಅಪಾಯ ತರಬಲ್ಲ ಕೆರೆ, ಕಾಲುವೆ, ಅಣೆಗಳ ಪಟ್ಟಿಯನ್ನು ಪ್ರತಿ ವಿಭಾಗವೂ ಇಟ್ಟುಕೊಳ್ಳಬೇಕು. ಮುಂಗಾರಿಗೆ ಮೊದಲು ರೈಲ್ವೆ ಎಂಜಿನಿಯರುಗಳು ರಾಜ್ಯ ಸರ್ಕಾರದ ಸಂಬಂಧಪಟ್ಟ ಅಧಿಕಾರಿಗಳೊಂದಿಗೆ ಜಂಟಿಯಾಗಿ ಅವುಗಳನ್ನು ಪರಿಶೀಲಿಸಿ, ಏರಿಯಲ್ಲಿ ಬಿರುಕಿದೆಯೇ, ಕೋಡಿಯ ದಾರಿ ಮುಚ್ಚಿಹೋಗಿದೆಯೇ ಎಂದು ನೋಡಿ ದುರಸ್ತಿಗೆ ಬರೆಯಬೇಕು. ಕಾಗದದ ಮೇಲೆ ಅಚ್ಚುಕಟ್ಟಾದ ವ್ಯವಸ್ಥೆ. ತೊಡಕಿರುವುದು ಒಡೆತನದಲ್ಲಿ. ಕೆರೆಗಳಲ್ಲಿ ಕೆಲವು ಸಣ್ಣ ನೀರಾವರಿ ಇಲಾಖೆಯವು, ಚಿಕ್ಕವು ಪಂಚಾಯಿತಿಗಳ ಸುಪರ್ದಿನವು, ಇನ್ನು ಕೆಲವು ದಾಖಲೆಯಲ್ಲಿ ಕೆರೆಯಾಗಿ ಉಳಿದು ನೆಲದ ಮೇಲೆ ಜಮೀನಾಗಿವೆ. ರಾಜಕಾಲುವೆ ಒತ್ತುವರಿಯಾಗಿ ನೀರು ತನ್ನ ಹಳೆಯ ದಾರಿ ಬಿಟ್ಟರೆ, ಅದು ರೈಲಿನ ಏರಿಯನ್ನು ಮೋರಿ ಇಲ್ಲದ ಜಾಗದಲ್ಲಿ ಬಂದು ಮುಟ್ಟುತ್ತದೆ. ಮೋರಿ ಇದ್ದಲ್ಲಿ ನೀರಿಲ್ಲ, ನೀರು ಬಂದಲ್ಲಿ ಮೋರಿಯಿಲ್ಲ ಎಂಬ ಸ್ಥಿತಿಗೆ ರೈಲ್ವೆಯ ವಿನ್ಯಾಸವನ್ನು ದೂರಿ ಫಲವಿಲ್ಲ.

ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಕಳೆದ ಕೆಲವು ವರ್ಷಗಳಿಂದ ಕೆರೆಗಳ ಸ್ಥಿತಿಯೇ ಬದಲಾಗಿದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಅಂಥದೇ ಎಚ್.ಎನ್. ವ್ಯಾಲಿ ಯೋಜನೆ ಚಿಕ್ಕಬಳ್ಳಾಪುರದ ಕಡೆಗೆ ನೀರು ತಂದಿತು. ಆ ನೀರಿನ ಗುಣಮಟ್ಟದ ಚರ್ಚೆ ಇಲ್ಲಿಗೆ ಸಂಬಂಧಿಸಿದ್ದಲ್ಲ. ಹಳಿಯ ದೃಷ್ಟಿಯಿಂದ ಗಮನಿಸಬೇಕಾದದ್ದು ಇಷ್ಟು: ಬರಿದಾದ ಕೆರೆಯು ಮೊದಲ ದೊಡ್ಡ ಮಳೆಯನ್ನು ಪೂರ್ತಿ ನುಂಗಿಕೊಳ್ಳುತ್ತದೆ, ತುಂಬಿದ ಕೆರೆ ಅದೇ ಮಳೆಯನ್ನು ಕೋಡಿಯ ಮೇಲೆ ದಾಟಿಸಿಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿನ ಮಳೆ ಜೋರಾಗುವ ಹೊತ್ತಿಗೆ ಕೆರೆಗಳು ಮೊದಲೇ ತುಂಬಿರುವಲ್ಲಿ ಕೋಡಿಯ ಕೆಳಗಿನ ಮೋರಿಗಳ ಮೇಲೆ ಹಿಂದೆ ಇಲ್ಲದ ಹೊರೆ ಬೀಳುತ್ತದೆ. ದಶಕಗಟ್ಟಲೆ ಒಣಗಿದ್ದ ಕೆರೆಯ ಅಂಗಳದ ಅಂಚಿನಲ್ಲಿ ಹಾದ ಏರಿಯ ಬುಡ ಈಗ ವರ್ಷವಿಡೀ ತೇವವಾಗಿರಬಹುದು. ಅಂತರ್ಜಲ ಏರುವುದು ರೈತನಿಗೆ ಒಳ್ಳೆಯ ಸುದ್ದಿ. ಏರಿಯ ಬುಡ ನೋಡಿಕೊಳ್ಳುವವನಿಗೆ ಹೊಸ ಕೆಲಸ.

ನೀರಿನ ಇದೇ ತರ್ಕ ಹಳ್ಳಿಗರ ನಿತ್ಯದ ದೂರೊಂದನ್ನೂ ವಿವರಿಸುತ್ತದೆ. ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಆರಂಭದ ಹೊತ್ತಿಗೆ ತೆಗೆದುಹಾಕಲಾಯಿತು. ಜೀವ ಉಳಿಸಿದ ಕ್ರಮವದು, ಅದರ ಬಗ್ಗೆ ಎರಡು ಮಾತಿಲ್ಲ. ಅನೇಕ ಕಡೆ ಅವುಗಳ ಬದಲಿಗೆ ಹಳಿಯ ಕೆಳಗೆ ಕಾಂಕ್ರೀಟ್ ಪೆಟ್ಟಿಗೆಯನ್ನು ತೂರಿಸಿ ಕಡಿಮೆ ಎತ್ತರದ ಅಂಡರ್‌ಪಾಸ್‌ಗಳನ್ನು ಮಾಡಿದರು. ಹಳಿ ಎತ್ತರದ ಏರಿಯ ಮೇಲಿದ್ದಲ್ಲಿ ಅದು ಸುಲಭ, ನೀರೂ ನಿಲ್ಲುವುದಿಲ್ಲ. ಹಳಿ ನೆಲದ ಮಟ್ಟಕ್ಕೇ ಇದ್ದಲ್ಲಿ ಮಾತ್ರ ರಸ್ತೆಯನ್ನು ನೆಲದಿಂದ ಮೂರು ನಾಲ್ಕು ಮೀಟರ್ ಕೆಳಕ್ಕೆ ಇಳಿಸಬೇಕಾಗುತ್ತದೆ. ಹಾಗೆ ಇಳಿದ ರಸ್ತೆ ಸುತ್ತಲಿನ ಹೊಲಗಳಿಗಿಂತ ತಗ್ಗಿನ ಜಾಗವಾಗುವುದರಿಂದ ಮಳೆನೀರಿಗೆ ಅದೇ ಕೊನೆಯ ನಿಲ್ದಾಣ. ಚರಂಡಿಯನ್ನು ಅಷ್ಟೇ ಆಳದಲ್ಲಿ ದೂರದ ಹಳ್ಳದವರೆಗೆ ಒಯ್ಯಬೇಕು, ಇಲ್ಲವೇ ಬಾವಿ ತೋಡಿ ಪಂಪು ಕೂರಿಸಬೇಕು; ಪಂಪಿಗೆ ಕರೆಂಟು ಬೇಕು, ನೋಡಿಕೊಳ್ಳಲು ಆಳು ಬೇಕು. ಎರಡೂ ಆಗದಿದ್ದಲ್ಲಿ ರೇಷ್ಮೆಗೂಡು ತುಂಬಿದ ಆಟೋ, ಶಾಲೆಯ ಮಕ್ಕಳ ಸೈಕಲ್ಲು ಮೂರು ಕಿಲೋಮೀಟರ್ ಸುತ್ತಿ ಬರುತ್ತವೆ. ಇಂಥ ಜಾಗಗಳಲ್ಲಿ ಖರ್ಚು ಹೆಚ್ಚಾದರೂ ಮೇಲ್ಸೇತುವೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಏರಿ ಮತ್ತು ಮೋರಿ ಮುಗಿದ ಮೇಲೆ ಹಳಿಯ ಕೆಲಸ ಬೇಗ ಸಾಗುತ್ತದೆ. ಮೊದಲು 20ರಿಂದ 65 ಮಿಲಿಮೀಟರ್ ಗಾತ್ರದ ಜಲ್ಲಿಯ ಹಾಸು. ನಮ್ಮ ಜಿಲ್ಲೆಗಳ ಗ್ರಾನೈಟ್ ಇದಕ್ಕೆ ಹೇಳಿಮಾಡಿಸಿದ ಕಲ್ಲು. ಹೊಳೆಯ ಉರುಟು ಕಲ್ಲು ಇಲ್ಲಿ ಆಗದು. ಒಡೆದ ಕಲ್ಲಿನ ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದರಿಂದ ಗಾಡಿಯ ಅದುರಿಗೆ ಅದು ಜರುಗುವುದಿಲ್ಲ, ನಡುವಿನ ಸಂದುಗಳಿಂದ ಮಳೆನೀರೂ ಇಳಿದುಹೋಗುತ್ತದೆ. ಅದರ ಮೇಲೆ ಕಾಂಕ್ರೀಟ್ ಸ್ಲೀಪರುಗಳು, ಕಿಲೋಮೀಟರಿಗೆ ಸುಮಾರು 1,660. ಒಂದೊಂದರ ಉದ್ದ 2.75 ಮೀಟರ್, ತೂಕ ಸುಮಾರು 270 ಕಿಲೋಗ್ರಾಮ್. ಹಿಂದಿನ ಮರದ ಸ್ಲೀಪರನ್ನು ನಾಲ್ಕಾರು ಜನ ಹೊತ್ತು ಹಾಕುತ್ತಿದ್ದರು, ಇದಕ್ಕೆ ಯಂತ್ರವೇ ಬೇಕು. ಸ್ಲೀಪರಿಗೂ ಹಳಿಗೂ ನಡುವೆ ರಬ್ಬರಿನ ಪ್ಯಾಡು, ಹಳಿಯನ್ನು ಒತ್ತಿ ಹಿಡಿಯಲು ಬಾಗಿದ ಉಕ್ಕಿನ ಕ್ಲಿಪ್ಪು.

ಹಳಿಗಳನ್ನು ಈಗ ಬೆಸುಗೆ ಹಾಕಿ ಕಿಲೋಮೀಟರುಗಟ್ಟಲೆ ಒಂದೇ ತುಂಡಾಗಿ ಮಾಡುತ್ತಾರೆ. ಹಿಂದಿನ ಗಾಡಿಗಳ ಟಕ್ ಟಕ್ ಸದ್ದು ಕೇಳದಿರುವುದಕ್ಕೆ ಇದೇ ಕಾರಣ. ಆದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆಯಲ್ಲ ಎಂಬ ಪ್ರಶ್ನೆ ಯಾರಿಗಾದರೂ ಬರಬೇಕು. ಯಾವ ತಡೆಯೂ ಇಲ್ಲದಿದ್ದರೆ ಒಂದು ಕಿಲೋಮೀಟರ್ ಹಳಿ, ಉಷ್ಣತೆ 40 ಡಿಗ್ರಿ ಏರಿದಾಗ ಸುಮಾರು 46 ಸೆಂಟಿಮೀಟರ್ ಉದ್ದವಾಗುತ್ತದೆ. ಬೆಸೆದ ಹಳಿಯಲ್ಲಿ ಕ್ಲಿಪ್ಪು, ಸ್ಲೀಪರ್, ಜಲ್ಲಿ ಮೂರೂ ಸೇರಿ ಅದಕ್ಕೆ ಉದ್ದವಾಗಲು ಬಿಡುವುದಿಲ್ಲ. ಹಿಗ್ಗಲಾಗದ ಹಳಿಯೊಳಗೆ ಒತ್ತಡ ತುಂಬಿಕೊಳ್ಳುತ್ತದೆ. ಮೀಟರಿಗೆ 60 ಕಿಲೋಗ್ರಾಮ್ ತೂಗುವ ಹಳಿಯಲ್ಲಿ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಎರಡು ಟನ್ನಿನಷ್ಟು ಬಲ. ಮಧ್ಯಾಹ್ನದ ಬಿಸಿಲಿನಲ್ಲಿ ಹಳಿಯ ಶಾಖ ಗಾಳಿಯ ಶಾಖಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ, ಏಪ್ರಿಲ್ ತಿಂಗಳಲ್ಲಿ ಒಂದೊಂದು ಹಳಿಯಲ್ಲೂ ಹತ್ತಾರು ಟನ್ ಒತ್ತಡ ಅಡಗಿರುತ್ತದೆ. ಬೇಸಿಗೆಯ ಒತ್ತಡ, ಚಳಿಗಾಲದ ಎಳೆತ ಎರಡೂ ಮಿತಿಯಲ್ಲಿರಲೆಂದು ವರ್ಷದ ಗರಿಷ್ಠ ಕನಿಷ್ಠ ಉಷ್ಣತೆಗಳ ನಡುವಿನ ಒಂದು ಮಟ್ಟದಲ್ಲಿ ಹಳಿಯನ್ನು ಬಿಗಿಯುತ್ತಾರೆ. ಸ್ಲೀಪರಿನ ತುದಿಯಲ್ಲಿ ಜಲ್ಲಿಯನ್ನು ಯಾರಾದರೂ ಮನೆ ಕೆಲಸಕ್ಕೆಂದು ತೋಡಿಕೊಂಡು ಹೋದರೆ ಹಿಡಿತ ಕಳೆದುಕೊಂಡ ಹಳಿ ಬಿಸಿಲಿಗೆ ಪಕ್ಕಕ್ಕೆ ಸೊಟ್ಟಗಾಗಬಹುದು. ನಾಲ್ಕು ಬುಟ್ಟಿ ಜಲ್ಲಿಗೂ ಗಾಡಿ ಹಳಿ ತಪ್ಪುವುದಕ್ಕೂ ಇರುವ ನಂಟು ಇಷ್ಟು ನೇರವಾದದ್ದು.

ಕಟ್ಟಿ ಮುಗಿಸಿದ ಮಾರ್ಗದ ಮೇಲೆ ಜನರನ್ನು ಕರೆದೊಯ್ಯುವ ಮುನ್ನ ರೈಲ್ವೆ ಸುರಕ್ಷತಾ ಆಯುಕ್ತರು ಪರಿಶೀಲಿಸಿ ಅನುಮತಿ ಕೊಡಬೇಕು. ಈ ಆಯುಕ್ತರು ರೈಲ್ವೆ ಸಚಿವಾಲಯಕ್ಕೆ ಅಧೀನರಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ಕಟ್ಟಿದವರೇ ತಮ್ಮ ಕೆಲಸಕ್ಕೆ ಅಂಕ ಕೊಟ್ಟುಕೊಳ್ಳಬಾರದೆಂಬ ವಿವೇಕ ಇದರ ಹಿಂದಿದೆ. ಟ್ರಾಲಿಯಲ್ಲಿ ಕುಳಿತು ಮೋರಿ ಮೋರಿಗೂ ಇಳಿದು ನೋಡಿ, ಕೊನೆಗೆ ವೇಗದ ಪರೀಕ್ಷೆ ನಡೆಸಿ, ಎಷ್ಟು ವೇಗದಲ್ಲಿ ಓಡಿಸಬಹುದೆಂದು ಅವರು ಬರೆದುಕೊಡುತ್ತಾರೆ. ಹೊಸ ಏರಿ ಮೊದಲ ಮಳೆಗಾಲಗಳಲ್ಲಿ ಸ್ವಲ್ಪ ಕುಸಿಯುವುದು ಸ್ವಾಭಾವಿಕವಾದ್ದರಿಂದ ಹೊಸ ಮಾರ್ಗದಲ್ಲಿ ಅಲ್ಲಲ್ಲಿ ವೇಗದ ನಿರ್ಬಂಧ ಇರುವುದನ್ನು ದೋಷವೆಂದು ತಿಳಿಯಬೇಕಾಗಿಲ್ಲ.

ಅಲ್ಲಿಂದ ಮುಂದೆ ಮಾರ್ಗ ಗ್ಯಾಂಗ್‌ಮನ್‌ಗಳ ಕೈಗೆ ಬರುತ್ತದೆ. ಈಗ ಅವರ ಹುದ್ದೆಯ ಹೆಸರು ಬದಲಾಗಿದೆ, ಕೆಲಸ ಬದಲಾಗಿಲ್ಲ. ಕೀಮನ್ ಎಂಬಾತ ದಿನವೂ ತನ್ನ ಪಾಲಿನ ಐದಾರು ಕಿಲೋಮೀಟರ್ ಹಳಿಯನ್ನು ನಡೆದು ನೋಡುತ್ತಾನೆ: ಸಡಿಲವಾದ ಕ್ಲಿಪ್ಪನ್ನು ಸುತ್ತಿಗೆಯಿಂದ ಕೂರಿಸುತ್ತಾನೆ, ಬೆಸುಗೆಯಲ್ಲಿ ಬಿರುಕು ಕಂಡರೆ ಗಾಡಿ ನಿಲ್ಲಿಸುವ ಅಧಿಕಾರವೂ ಅವನಿಗಿದೆ. ಅದಕ್ಕಾಗಿ ಅವನ ಬಳಿ ಕೆಂಪು ಬಾವುಟ ಮತ್ತು ಪಟಾಕಿಯಂತೆ ಸಿಡಿಯುವ ಡಿಟೋನೇಟರುಗಳಿರುತ್ತವೆ. ಅಪಾಯದ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಮೂರು ಡಿಟೋನೇಟರನ್ನು ಹಳಿಯ ಮೇಲೆ ಕಟ್ಟಿದರೆ, ಎಂಜಿನ್ನಿನ ಚಕ್ರ ಹಾದಾಗ ಕೇಳುವ ಸದ್ದಿಗೆ ಚಾಲಕ ಬ್ರೇಕ್ ಹಾಕುತ್ತಾನೆ. ಮಳೆಗಾಲದಲ್ಲಿ ರಾತ್ರಿ ಗಸ್ತು, ಬೇಸಿಗೆಯಲ್ಲಿ ಮಧ್ಯಾಹ್ನದ ಗಸ್ತು, ಚಳಿಗಾಲದಲ್ಲಿ ಕುಗ್ಗಿ ಬಿರಿಯುವ ಹಳಿಗಾಗಿ ನಸುಕಿನ ಗಸ್ತು. ಹಳಿಯೊಳಗಿನ, ಕಣ್ಣಿಗೆ ಕಾಣದ ಬಿರುಕನ್ನು ಕಿವಿಗೆ ಕೇಳದ ಶ್ರವಣಾತೀತ ತರಂಗದ ಯಂತ್ರ ಹುಡುಕುತ್ತದೆ. ಜಲ್ಲಿಯನ್ನು ಸ್ಲೀಪರಿನ ಕೆಳಗೆ ಒತ್ತಿ ತುಂಬುವುದಕ್ಕೆ ಟ್ಯಾಂಪಿಂಗ್ ಯಂತ್ರ ಬರುತ್ತದೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಜಲ್ಲಿಯನ್ನೆಲ್ಲ ತೆಗೆದು ಜರಡಿ ಹಿಡಿದು ಮತ್ತೆ ಹಾಸುತ್ತಾರೆ. ಮೋರಿಯ ಬಾಯಿಗೆ ಕಟ್ಟಿದ ಜಾಲಿ, ಪ್ಲಾಸ್ಟಿಕ್, ಹೂಳನ್ನು ತೆಗೆಯುವುದಕ್ಕೆ ಮಾತ್ರ ಇಂದಿಗೂ ಸಲಿಕೆ, ಗುದ್ದಲಿಗಳೇ ಗತಿ.

ದಿನಕ್ಕೆ ಹತ್ತು ಗಾಡಿಯೂ ಓಡದ ಹಳ್ಳಿಗಾಡಿನ ಮಾರ್ಗಕ್ಕೆ ಇಷ್ಟೆಲ್ಲ ಖರ್ಚು ಏಕೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಆ ವಾದದಲ್ಲಿ ಅರ್ಧ ಸತ್ಯವಿದೆ. ಹಳಿಯ ಸವೆತ ಅದರ ಮೇಲೆ ಉರುಳಿದ ಒಟ್ಟು ಟನ್ನುಗಳ ಲೆಕ್ಕದಲ್ಲಿ ಆಗುವುದರಿಂದ, ಕಡಿಮೆ ಗಾಡಿಯ ಮಾರ್ಗದಲ್ಲಿ ಹಳಿ ಹೆಚ್ಚು ಕಾಲ ಬಾಳುತ್ತದೆ. ಬೆಂಗಳೂರು–ಜೋಲಾರಪೇಟೆ ನಡುವಿನ ದಟ್ಟಣೆಯ ಹಳಿಗೆ ಮಾಡುವಷ್ಟು ಸಲ ಇಲ್ಲಿ ಟ್ಯಾಂಪಿಂಗ್ ಮಾಡಬೇಕಾಗಿಲ್ಲ. ಆದರೆ ಮಳೆ ಗಾಡಿಗಳನ್ನು ಎಣಿಸಿ ಬರುವುದಿಲ್ಲ. ಏರಿಯ ಕೊರೆತ, ಮೋರಿಯ ಹೂಳು, ಕೆರೆಯ ಕೋಡಿ ಇವು ಗಾಡಿ ಒಂದೇ ಓಡಿದರೂ ಅಷ್ಟೇ, ಐವತ್ತು ಓಡಿದರೂ ಅಷ್ಟೇ. ಕಡಿಮೆ ಗಾಡಿಯ ಮಾರ್ಗವೆಂದು ಗ್ಯಾಂಗಿನ ಆಳುಗಳನ್ನು ಕಡಿತ ಮಾಡುವಾಗ ಉಳಿಯುವುದು ಹಳಿಯ ಖರ್ಚು, ಸೊರಗುವುದು ನೀರಿನ ಕೆಲಸ. ಮಾರ್ಗದ ಪಕ್ಕದಲ್ಲಿ ವಾಸಿಸುವ ಹಳ್ಳಿಗರು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲರು, ಏಕೆಂದರೆ ಯಾವ ಕೆರೆಯ ಏರಿ ಎಲ್ಲಿ ಒಸರುತ್ತಿದೆ ಎಂಬುದು ಯಾವ ದಫ್ತರಕ್ಕಿಂತ ಮೊದಲು ತಿಳಿಯುವುದು ಅವರಿಗೇ.

ಅಂಥ ಸುದ್ದಿಯನ್ನು ಮುಟ್ಟಿಸುವಾಗ ಜಾಗವನ್ನು ಹೇಳುವ ರೀತಿ ಮುಖ್ಯ. ಪ್ರತಿ ಸೇತುವೆ ಮತ್ತು ಮೋರಿಗೂ ಒಂದು ಸಂಖ್ಯೆ ಇರುತ್ತದೆ, ಅದನ್ನು ಪಕ್ಕದ ಕಲ್ಲಿನ ಮೇಲೆ ಅಥವಾ ಗೋಡೆಯ ಮೇಲೆ ಬರೆದಿರುತ್ತಾರೆ. ಸೇತುವೆಯ ಕಂಬ ಅಥವಾ ಗೋಡೆಯ ಮೇಲೆ ಕೆಂಪು ಪಟ್ಟಿ ಇದ್ದರೆ ಅದು ಅಪಾಯದ ಮಟ್ಟ. ಹಿಂದೆ ಬಂದ ಅತಿ ದೊಡ್ಡ ನೆರೆಯ ಗುರುತನ್ನೂ ವರ್ಷದೊಂದಿಗೆ ಬರೆಯುವ ಪದ್ಧತಿಯಿದೆ. ವಿದ್ಯುದೀಕರಣವಾದ ಕಡೆ ಕಂಬಗಳ ಮೇಲಿನ ಸಂಖ್ಯೆಯಲ್ಲಿ ಓರೆಗೆರೆಯ ಹಿಂದಿನದು ಕಿಲೋಮೀಟರ್, ಮುಂದಿನದು ಆ ಕಿಲೋಮೀಟರಿನಲ್ಲಿ ಎಷ್ಟನೆಯ ಕಂಬ ಎಂಬುದು. ನೀರು ಕೆಂಪು ಪಟ್ಟಿಯನ್ನು ಮುಟ್ಟಿದ್ದನ್ನು ಅಥವಾ ಮೇಲಿನ ಕೆರೆಯ ಏರಿ ಬಿರಿದದ್ದನ್ನು ಕಂಡವರು ಈ ಸಂಖ್ಯೆಯನ್ನು ಹತ್ತಿರದ ಸ್ಟೇಷನ್ ಮಾಸ್ತರರಿಗೆ, ಗೇಟ್‌ಮನ್‌ಗೆ ಅಥವಾ ರೈಲ್ವೆಯ 139 ಸಹಾಯವಾಣಿಗೆ ತಿಳಿಸಿದರೆ, ಗಾಡಿಯನ್ನು ಹಿಂದಿನ ನಿಲ್ದಾಣದಲ್ಲೇ ತಡೆಯಲು ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.